ಕಾಶಪ್ಪನ ಎಂಜಲು ಬ್ರೆಡ್ಡು

ಇಳಕಲ್ಲಿನ ಬೇಕರಿ ಕಾಶಪ್ಪನಿಗೆ ಒಳ್ಳೆಯವನಾಗುವ ಹುಚ್ಚು ಹಿಡಿದದ್ದು ಬಾಗಲಕೋಟೆಯ ಒಂದು ದಿನದ ತರಬೇತಿಯಲ್ಲಿ. ಹದಿನೆಂಟು ವರ್ಷ ಅವನ ಬ್ರೆಡ್ಡನ್ನು ಮೆತ್ತಗಿಟ್ಟದ್ದು ಕೆಮಿಕಲ್ ಪುಡಿ. ಅದನ್ನು ಬಿಟ್ಟು ಚಿಟಿಕೆ ಕಿಣ್ವ ಹಾಕಿ ನೋಡಿ ಎಂದರು. ಹಾಕಿದ. ಅಬ್ಬಾ, ಏನು ಬ್ರೆಡ್ಡು! ನಾಲ್ಕನೇ ದಿನವೂ ಬೆರಳಿಟ್ಟರೆ ತಗ್ಗಿ ಮತ್ತೆ ಮೇಲೇಳುತ್ತಿತ್ತು. ಹಿಗ್ಗಿದ ಕಾಶಪ್ಪ ಹೊಸ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ: 'ಕೆಮಿಕಲ್ ಇಲ್ಲ. ಕಿಣ್ವ ಮಾತ್ರ.'

"ಸುಮ್ಮನ ಮಾರೂದ ಬಿಟ್ಟು ಇದನ್ನ್ಯಾಕ ಬರಸ್ತೀರಿ?" ಎಂದಳು ಹೆಂಡತಿ ಶೀಲಾ. ಕೇಳಬೇಕಲ್ಲ ಮಹಾರಾಯ!

ಅವನ ಅರ್ಧ ಬ್ರೆಡ್ಡು ಖರ್ಚಾಗುತ್ತಿದ್ದದ್ದು ಬಸ್ ನಿಲ್ದಾಣದ ಎದುರಿನ ದುರ್ಗಪ್ಪನ ಅಂಗಡಿಯಲ್ಲಿ. ಅಲ್ಲಿ ಚಹಾ ಕುಡಿಯುತ್ತಿದ್ದ ವಿಜ್ಞಾನದ ಮಾಸ್ತರ ಮಹಾಂತೇಶನನ್ನು ದುರ್ಗಪ್ಪ ಕೇಳಿದ, "ಮಾಸ್ತರ್ರ, ಕಿಣ್ವ ಅಂದ್ರ ಏನ್ರಿ?"

"ಭಾಳ ಸರಳ. ನಿನ್ನ ಉಗುಳಿನ್ಯಾಗೂ ಐತಿ. ರೊಟ್ಟಿ ಅಗದಂಗೆಲ್ಲ ಸಿಹಿ ಅನಸ್ತೈತಲ್ಲ, ಅದು ಕಿಣ್ವದ ಕೆಲಸ."

ಬ್ರೆಡ್ಡಿಗೆ ಹಾಕುವುದು ಬೇರೆ, ಅದು ಕಾರ್ಖಾನೆಯಲ್ಲಿ ತಯಾರಾಗುತ್ತದೆ ಎಂದು ಹೇಳುವಷ್ಟರಲ್ಲಿ ಹುನಗುಂದದ ಬಸ್ ಬಂತು. ಮಾಸ್ತರ ಓಡಿದ.

ಸಂಜೆಯೊಳಗೆ ಊರೆಲ್ಲ ಒಂದೇ ಸುದ್ದಿ: ಕಾಶಪ್ಪ ಬ್ರೆಡ್ಡಿಗೆ ಎಂಜಲು ಬೆರೆಸುತ್ತಾನೆ! ಲಿಂಗಪೂಜೆ ಆಗದೆ ಹನಿ ನೀರೂ ಮುಟ್ಟದ ಬಸಲಿಂಗವ್ವ, ಹೋದ ವಾರ ತಿಂದ ಬ್ರೆಡ್ಡಿಗಾಗಿ ಮೂರು ಸಲ ಬಾಯಿ ಮುಕ್ಕಳಿಸಿದಳು.

ಮೂರು ದಿನ ಟ್ರೇಗಳು ಹೋದ ಹಾಗೆಯೇ ತಿರುಗಿ ಬಂದವು. ನಾಲ್ಕನೇ ದಿನ ಕಾಶಪ್ಪ ಭಟ್ಟಿಯನ್ನೇ ಹಚ್ಚಲಿಲ್ಲ. ಇನ್ನೊಂದು ವಾರ ಹೀಗಾದರೆ ಬೇಕರಿಗೆ ಬೀಗ ಜಡಿಯುವುದೇ. ಅಳುವೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂದು ಅವನು ದುರ್ಗಪ್ಪನ ಅಂಗಡಿಗೆ ನಡೆದ.

"ಲೇ ದುರ್ಗಪ್ಪ, ಕೆಮಿಕಲ್ ಹಾಕಿದಾಗ ಹದಿನೆಂಟ ವರ್ಷ ತಿಂದ್ರಿ. ಚಲೋದ ಹಾಕಿ ಖರೆ ಹೇಳಿದ್ದ ತಪ್ಪಾತೇನಲೇ?"

"ನಾ ಏನ ಮಾಡ್ಲೋ ಮಾರಾಯಾ? ಮಂದಿ ಎಂಜಲಾ ತಿಂತಾರೇನ?" ಎನ್ನುತ್ತ ದುರ್ಗಪ್ಪ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಪ್ಲಾಸ್ಟಿಕ್ ಚೀಲ ಬಿಡಿಸಿದ. ಚೀಲದ ಬಾಯಿ ತೆರೆಯಲಿಲ್ಲ. ತುಟಿಗೆ ಹಚ್ಚಿ ಫೂ ಎಂದು ಊದಿದ. ಅದರೊಳಗೆ ಬೇರೆ ಬೇಕರಿಯ ಬಿಡಿ ಬನ್ನು ತುಂಬಿ, ಎದುರಿಗೆ ನಿಂತಿದ್ದ ಬಸಲಿಂಗವ್ವನ ಕೈಗಿಟ್ಟ.

"ಇದು ಶುದ್ಧ ಐತೇನಪಾ?"

"ಕಣ್ಣ ಮುಚ್ಚಿ ತಿನ್ರಿ ಯವ್ವಾ. ಬರೇ ಕೆಮಿಕಲ್!"

ಕಾಶಪ್ಪ ಬೇಕರಿಗೆ ತಿರುಗಿ ಬಂದು, ಅಟ್ಟದ ಮೇಲಿದ್ದ ಹಳೆಯ ಕವರುಗಳನ್ನು ಇಳಿಸಿದ. 'ಅನುಮತಿಸಿದ ರಾಸಾಯನಿಕ ಸೇರಿದೆ' ಎಂದು ಅವುಗಳ ಮೇಲೆ ಅಚ್ಚಾಗಿತ್ತು. ಭಟ್ಟಿ ಹಚ್ಚಿ, ಕಿಣ್ವದ ಬ್ರೆಡ್ಡನ್ನೇ ಬೇಯಿಸಿ ಒಳಗೆ ತುಂಬಿದ. ಮರುದಿನ ಮಧ್ಯಾಹ್ನಕ್ಕೇ ಎಲ್ಲ ಖಾಲಿ. ಸಂಜೆ ಬಸಲಿಂಗವ್ವ ಬೇಕರಿಗೇ ಬಂದು ಎರಡು ಹೆಚ್ಚಿಗೆ ಒಯ್ದಳು.

"ಆ ಹೊಲಸು ಬಿಟ್ಟಿ, ಚಲೋ ಮಾಡಿದಿ ನೋಡು. ಈಗ ಮೊದಲಿನಂಗ ಮೆತ್ತಗ ಆಗೇತಿ."

"ಹೌದ್ರಿ ಯವ್ವಾ, ಬಿಟ್ಟೇನಿ," ಎಂದ ಕಾಶಪ್ಪ. ಹದಿನೆಂಟು ವರ್ಷದಲ್ಲಿ ಅವನು ಗಿರಾಕಿಗೆ ಹೇಳಿದ ಮೊದಲ ಸುಳ್ಳು ಅದು.