ಇಳಿದ ಭಾರ

ಒಂದು ಮರಿ ಎತ್ತಲು ತಾಯಿ ಇಲಿಗೆ ಪ್ರಯೋಗಾಲಯದಲ್ಲಿ ಪಂಜರವನ್ನೇ ಗಿರಗಿರನೆ ತಿರುಗಿಸುವ ಆ ದೊಡ್ಡ ಚಕ್ರದೊಳಗೆ ಎರಡು ಮರಿಯ ಶಕ್ತಿ ಖರ್ಚಾಗುತ್ತಿತ್ತು, ತಿರುಗುತ್ತಿದ್ದಷ್ಟು ಕಾಲ ಅಲ್ಲಿ ಎಲ್ಲದಕ್ಕೂ ಇಮ್ಮಡಿ ತೂಕ, ಕಾಳಿಗೂ, ನೀರಿನ ಹನಿಗೂ, ತನ್ನ ಮೈಗೂ — ಇವತ್ತು ಬೆಳಿಗ್ಗೆ ಪ್ರಯೋಗ ಮುಗಿಯಿತೆಂದು ಚಕ್ರ ನಿಲ್ಲಿಸಿ ಪಂಜರವನ್ನು ಮೇಜಿನ ಮೇಲೆ ಇಟ್ಟಿದ್ದಾರೆ, ಆದರೆ ಇದರ ಕತ್ತಿಗೆ ಅದನ್ನು ಯಾರು ಹೇಳಬೇಕು, ಮರಿಯನ್ನು ಕಚ್ಚಿ ಎತ್ತುತ್ತದೆ, ಮರಿ ಅಳತೆ ಮೀರಿ ಮೇಲೆ ಹಾರಿ ಬಾಯಿಂದ ಜಾರಿ ಬೀಳುತ್ತದೆ, ಮತ್ತೆ ಎತ್ತುತ್ತದೆ, ಮತ್ತೆ ಬೀಳುತ್ತದೆ. ಪಂಜರ ತೊಳೆಯಲು ಬಂದ ಕೆಲಸದವಳು ಒದ್ದೆ ಬಟ್ಟೆ ಹಿಂಡುವುದನ್ನೂ ಮರೆತು ನಿಂತಳು. ಇದಕ್ಕೆ ಮರಿ ಸಾಕೋಕೆ ಬರಲ್ಲ ಕಣಮ್ಮ, ಮಧ್ಯಾಹ್ನದೊಳಗೆ ಸರಿಹೋಗದಿದ್ರೆ ಮರಿಗಳನ್ನ ಬೇರೆ ತಾಯಿ ಹತ್ರ ಹಾಕೋಣ, ಅಂದಿದ್ದರು ಪ್ರಯೋಗ ನಡೆಸುವ ಡಾಕ್ಟರಮ್ಮ. ಬರದೆ ಏನು, ಶಕ್ತಿ ಹೆಚ್ಚಾಗಿದೆ ಅಷ್ಟೇ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಇನ್ನೊಂದು ಗಳಿಗೆ ನೋಡೋಣ ಮೇಡಂ ಅಂದಿದ್ದಳು. ಅತ್ತೆಯನ್ನು ಎತ್ತಿ ಎತ್ತಿ ಇವಳ ತೋಳೂ ಹೀಗೇ ಗಟ್ಟಿಯಾಗಿತ್ತಲ್ಲ, ಹಾಸಿಗೆ ಹಿಡಿದ ಭಾರಿ ಹೆಂಗಸು, ಬೆನ್ನ ಕೆಳಗೊಂದು ಕೈ, ಮೊಣಕಾಲ ಕೆಳಗೊಂದು ಕೈ, ಹೂವಿನ ಹಾಗೆ ಎತ್ತೇ, ನಾನೇನು ಸಿಮೆಂಟ್ ಚೀಲನಾ — ಸಿಮೆಂಟ್ ಆಗಿದ್ರೆ ಬಾಯಿ ಮುಚ್ಕೊಂಡಿರ್ತಿತ್ತು ಅತ್ತೆ — ಇಬ್ಬರೂ ನಕ್ಕರೆ ಹಿಡಿತ ಸಡಿಲ, ಬಿದ್ದೆ ಬಿದ್ದೆ ಹಿಡ್ಕೋ, ಆ ನಗು ಈಗಲೂ ಮೊಣಕೈಯಲ್ಲಿ ನಡುಗುತ್ತದೆ. ಹೋದ ತಿಂಗಳು ಅವರು ತೀರಿಕೊಂಡಾಗ ನಾದಿನಿ ಬೆನ್ನು ಸವರಿದಳು, ಹೋಗ್ಲಿ ಬಿಡಿ ಅತ್ತಿಗೆ, ಭಾರ ಇಳೀತು. ಒಳ್ಳೆಯ ಮನಸ್ಸಿನಿಂದಲೇ ಅಂದಳು, ಇಳಿದದ್ದೂ ನಿಜ, ಈಗ ನೀರಿನ ಕೊಡ ಎತ್ತಿದರೆ ತುಳುಕಿ ಸೀರೆಯೆಲ್ಲ ಒದ್ದೆ, ಬೆಳಿಗ್ಗೆ ಎದ್ದ ಕೂಡಲೇ ಕೈಗಳು ತಾವಾಗಿ ಆ ಮಂಚಕ್ಕೆ ಚಾಚುತ್ತವೆ, ದಿಂಬು ಸಿಗುತ್ತದೆ, ಎತ್ತಿದರೆ ದಿಂಬು ಎದೆಯ ಮಟ್ಟ ದಾಟಿ ಹಾರುತ್ತದೆ —

ಅಗೋ, ಸಣ್ಣ ಮರಿ ಈ ಸಲ ಜೋರಾಗಿ ಬಿತ್ತು, ಕದಲಲಿಲ್ಲ. ತಾಯಿ ಮೂಸಿತು, ಆಮೇಲೆ ಇನ್ನೊಂದನ್ನು ಕಚ್ಚಿತು, ಎತ್ತಲಿಲ್ಲ, ಕತ್ತು ತಗ್ಗಿಸಿ ನೆಲಕ್ಕೆ ತಾಗಿಸಿಕೊಂಡೇ ಎಳೆಯಿತು, ಹೂಂ ಹಾಗೆ ತಾಯಿ, ಹಾಗೆ, ಹೂವಿನ ಹಾಗೆ — ಮೂಲೆಯ ಹತ್ತಿಯೊಳಗೆ ಸೇರಿಸಿತು, ಮತ್ತೊಂದನ್ನೂ, ಮಗದೊಂದನ್ನೂ. ಕಲಿತುಬಿಡ್ತಲ್ಲೇ ಇದು, ಬಾಗಿಲಲ್ಲಿ ಡಾಕ್ಟರಮ್ಮ, ಮರಿಗಳು ಇದರ ಹತ್ರನೇ ಇರಲಿ ಬಿಡು. ಅವಳು ತಲೆಯಾಡಿಸಿ ಸತ್ತ ಮರಿಯನ್ನು ತೆಗೆಯಲು ಕೈ ಹಾಕಿದಳು, ಎಚ್ಚರದಿಂದಲೇ, ಮೆಲ್ಲಗೆ, ಆದರೂ ಕೈ ಮೇಲಕ್ಕೆ ಹಾರಿತು, ಆ ದಿಂಬಿನ ಹಾಗೆ. ತಾಯಿಗೆ ಮೂರು ಮರಿ ಉಳಿದವು. ಇವಳ ಕೈಯಲ್ಲಿ ಭಾರವೇ ಇಲ್ಲ.