ಬಲಕ್ಕೆ ತಿರುಗಿಸಿದರೆ

ಮುಳ್ಳು ನಡುಗುತ್ತಿದೆ, ಸುಳ್ಳು ಹೇಳುವವನ ಮೀಸೆಯಂತೆ, ಮೆಟ್ಟಿಲ ಪಕ್ಕದ ನಲ್ಲಿಗೆ ನಾನೇ ತಿರುಪಿ ಕೂರಿಸಿದ ಮಾಪಕದ ಗಾಜಿನೊಳಗೆ, ಕೆಂಪು ಗೆರೆಯನ್ನು ಎಂದೋ ದಾಟಿ — ನೀರಿನ ಒತ್ತಡ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು, ಇದು ಪುರಾವೆ, ಇದನ್ನು ಅಮ್ಮನಿಗೆ ತೋರಿಸಬೇಕು, ನಂದೇ ತಪ್ಪು ಎನ್ನುವುದನ್ನು ಅವಳು ನಿಲ್ಲಿಸಬೇಕು. ಎದುರಿಗೆ ಒತ್ತಡ ನಿಯಂತ್ರಕ, ಗಂಟೆಯಾಕಾರದ ಹಿತ್ತಾಳೆ, ನೆತ್ತಿಯ ಮೇಲೊಂದು ತಿರುಪು, ಬೀದಿಯ ನೀರು ಇದರ ಮೂಲಕವೇ ಎರಡೂ ಮನೆಗೆ ಹೋಗಬೇಕು, ಕೆಳಗೆ ಅಮ್ಮ ಮತ್ತು ನಾನು, ಮೇಲೆ ದೊಡ್ಡಪ್ಪ. ನಲ್ಲಿಯನ್ನು ಬಲಕ್ಕೆ ತಿರುಗಿಸಿದರೆ ನೀರು ನಿಲ್ಲುತ್ತದೆ, ಈ ತಿರುಪನ್ನು ಬಲಕ್ಕೆ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿದು ಒತ್ತಡ ಏರುತ್ತದೆ, ಆದರೆ ದೊಡ್ಡಪ್ಪನ ಪಾಲಿಗೆ ತಿರುಗುವುದೆಲ್ಲ ನಲ್ಲಿಯೇ, ಹೋದ ವಾರ ಇಲ್ಲಿ ಸ್ಪ್ಯಾನರು ಹಿಡಿದು ಕೂತಿದ್ದನ್ನು ನಾನೇ ಕಂಡೆ, ಕೆಳಗಿನವ್ರು ನೀರನ್ನೂ ನೀರಿನ ಹಾಗೆ ಖರ್ಚು ಮಾಡ್ತಾರಪ್ಪ ಎಂದು ಗೊಣಗುತ್ತ, ನಮಗೆ ಕಡಿಮೆ ಬರಲೆಂದು, ಬಲಕ್ಕೆ ಬಿಗಿದಿದ್ದಾರೆ, ಬಿಗಿದಿದ್ದಾನೆ, ಬಹುವಚನಕ್ಕೂ ಒಂದು ಅರ್ಹತೆ ಬೇಕು. ಮರುದಿನ ಸಿಂಕಿನ ಕೆಳಗಿನ ಪೈಪು ಸಿಡಿದು, ಅಡುಗೆಮನೆಯೆಲ್ಲ ನೀರಾಗಿ, ಅಮ್ಮ ಜಾರಿ, ಬಲ ಮಣಿಕಟ್ಟು ಮುರಿದು — ಆ ಪ್ಲಾಸ್ಟರು, ಅದರ ತುದಿಯಿಂದ ಇಣುಕುವ ಎರಡು ಬೆರಳು, ಬಟ್ಟೆ ಹೊಲಿದೇ ನನ್ನನ್ನು ಓದಿಸಿದವಳ ಬೆರಳು, ಇಲ್ಲದ ದಾರವನ್ನು ಹೊಸೆಯುತ್ತಲೇ ಇರುತ್ತವೆ, ನಿದ್ದೆಯಲ್ಲಿಯೂ. ಬಾಗಿಲಲ್ಲಿ ನಿಂತು ದೊಡ್ಡಪ್ಪ, ಪಾತ್ರೆ ತೊಳೆಯುವಾಗ ಪೈಪನ್ನ ಎಳೆದಾಡಿದ್ರೆ ಇನ್ನೇನಾಗುತ್ತೆ ತಾಯಿ, ಅಮ್ಮ ಹಲ್ಲು ಕಚ್ಚಿಕೊಂಡು, ನಂದೇ ತಪ್ಪು ಭಾವ, ಒತ್ತಡ ಜಾಸ್ತಿ ಆಗಿರಬೇಕು ಎಂದು ನಾನು ಬಾಯಿ ತೆರೆದದ್ದಕ್ಕೆ, ಒತ್ತಡ ಇರೋದು ನಿನ್ನ ತಲೇಲಿ ಪುಟ್ಟೀ, ಪೈಪಲ್ಲಲ್ಲ, ತನ್ನ ಹಾಸ್ಯಕ್ಕೆ ತಾನೇ ನಕ್ಕ.

ತಿರುಪನ್ನು ಹಿಡಿದಿಟ್ಟ ನಟ್ಟನ್ನು ಸಡಿಲಿಸಿದ್ದೇನೆ, ಈಗ ಎಡಕ್ಕೆ, ಸ್ವಲ್ಪ ಸ್ವಲ್ಪವಾಗಿ, ಮುಳ್ಳು ಇಳಿಯುತ್ತಿದೆ, ಸರಿಯಾದ ಗುರುತಿಗೆ ಬಂತು, ಇಲ್ಲಿಗೆ ನಿಲ್ಲಿಸಬೇಕು, ನಿಲ್ಲಿಸುವುದಿಲ್ಲ — ಮೇಲೇರಿದಷ್ಟೂ ನೀರು ಒತ್ತಡ ಕಳೆದುಕೊಳ್ಳುತ್ತದೆ, ಇನ್ನಷ್ಟು ಎಡಕ್ಕೆ ಹೋದರೆ ಕೆಳಗೆ ನಮ್ಮ ನಲ್ಲಿ ಮೆಲ್ಲಗೆ ಸುರಿಯುತ್ತಿರುತ್ತದೆ, ಮೇಲಿನ ಶವರ್ ಮಾತ್ರ ಒಣಗುತ್ತದೆ. ಬಚ್ಚಲಲ್ಲಿ ಅವನು ಹಾಡುತ್ತಿದ್ದಾನೆ, ಮೈಗೆ ಸೋಪು ಹಚ್ಚುವಾಗಲೇ ಹಾಡುವುದು, ದನಿ ಏರುವವರೆಗೆ ಕಾದೆ, ಎಡಕ್ಕೆ, ಹಾಡು ನಿಂತಿತು, ಆಹಾ. ಏಯ್, ಯಾರೇ ಕೆಳಗೆ, ನೀರೆಲ್ಲೇ, ಕಣ್ಣೆಲ್ಲ ಸೋಪು ಕಣೇ! ಒತ್ತಡ ನೋಡ್ತಿದ್ದೀನಿ ದೊಡ್ಡಪ್ಪ. ಅದನ್ನೇನು ನೋಡೋದು, ನೆತ್ತಿ ಮೇಲೆ ತಿರುಪಿಲ್ವಾ, ಬಲಕ್ಕೆ ತಿರುಗಿಸೇ, ಅವತ್ತು ನಾನು ಕಮ್ಮಿ ಮಾಡೋಣ ಅಂತ ಬಲಕ್ಕೆ ತಿರುಗಿಸಿದ್ರೆ ಹಾಳಾದ್ದು ಇನ್ನೂ ಜೋರಾಗಿ ಬಂತು, ಬರ್ಲಿ ಬಿಡು ಅಂತ — ಮಾತು ಅಲ್ಲಿಗೇ ತುಂಡಾಯಿತು, ಸೋಪಿಗಿಂತ ಹೆಚ್ಚು ಜಾರುವುದು ನಾಲಿಗೆ, ಗೊತ್ತಿತ್ತು ಅವನಿಗೆ, ಗೊತ್ತಿದ್ದೇ ಬಾಗಿಲಲ್ಲಿ ನಿಂತು ಇನ್ನೇನಾಗುತ್ತೆ ತಾಯಿ ಎಂದ. ಬೆನ್ನ ಹಿಂದೆ ಉಸಿರು, ಅಮ್ಮ, ಎಷ್ಟು ಹೊತ್ತಿನಿಂದ ನಿಂತಿದ್ದಾಳೋ, ಕೇಳಿಸಿಕೊಂಡಿದ್ದಾಳೆ, ಮುಖವೇ ಹೇಳುತ್ತಿದೆ, ಈಗ ಬಿಟ್ಟುಬಿಡೇ ಎನ್ನುತ್ತಾಳೆ, ಪಾಪ ಕಣ್ಣುರಿಯುತ್ತೆ ಎನ್ನುತ್ತಾಳೆ, ನನಗೆ ಗೊತ್ತು. ಅವಳು ಮೇಲಕ್ಕೆ ಮುಖವೆತ್ತಿ, ಬಕೆಟ್ಟಲ್ಲೂ ನೀರಿಲ್ವಾ ಭಾವ? ಒಂದು ಹನೀನೂ ಇಲ್ಲಮ್ಮಾ. ಅಯ್ಯೋ. ಇಷ್ಟು ತಣ್ಣಗಿನ ಅಯ್ಯೋ ಅವಳ ಬಾಯಲ್ಲಿ ಕೇಳಿದ್ದೇ ಇಲ್ಲ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು, ನನಗೆ ಮಾತ್ರ ಕೇಳುವಂತೆ, ಇನ್ನೂ ಎಡಕ್ಕೆ ತಿರುಗುತ್ತಾ ಅದು? ಸ್ಪ್ಯಾನರು ನನ್ನ ಕೈಯಲ್ಲಿ, ಮೇಲೆ ಯಾರೋ ಕೂಗುತ್ತಿದ್ದಾರೆ, ಕೂಗಲಿ, ಮುಳ್ಳನ್ನು ನೋಡಬೇಕಿತ್ತು, ನೋಡಲಾಗುತ್ತಿಲ್ಲ, ಪ್ಲಾಸ್ಟರಿನ ತುದಿಯ ಆ ಎರಡು ಬೆರಳು, ದಾರ ಹೊಸೆಯುವುದನ್ನು ಬಿಟ್ಟ ಎರಡು ಬೆರಳು, ಬರಿಯ ಗಾಳಿಯಲ್ಲಿ, ಇಲ್ಲದ ತಿರುಪನ್ನು ಹಿಡಿದು, ಎಡಕ್ಕೆ, ಎಡಕ್ಕೆ