ಓಮವಿಲ್ಲದ ಲೇಹ್ಯ

ಹಿಪ್ಪಲಿ ಹುರಿಯುವ ಘಾಟು ಹಜಾರಕ್ಕೆ ನುಗ್ಗಿದ್ದೇ ಚೆನ್ನಯ್ಯ ಒಂದರ ಹಿಂದೊಂದು ಸೀನತೊಡಗಿದ. "ಲೇ, ಹಬ್ಬಕ್ಕೆ ಮುಂಚೇನೇ ನನ್ನ ಮೇಲಕ್ಕೆ ಕಳಿಸಿಬಿಡ್ತೀಯಾ ಹೆಂಗೆ?" ಎಂದು ಕೂಗಿದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಹೋದ ವರ್ಷದಿಂದ ಆ ಮನೆಯಲ್ಲಿ ಸಾವಿನ ಮಾತನ್ನು ತಮಾಷೆಗೂ ಯಾರೂ ಎತ್ತುತ್ತಿರಲಿಲ್ಲ. ಹೆಂಡತಿ ಲಿಂಗಾಜಮ್ಮ ಕೇಳಿಯೂ ಕೇಳದವಳ ಹಾಗೆ ಬಾಣಲೆ ಇಳಿಸಿದಳು.

ಒಬ್ಬಳೇ ಮಗಳು ರಮ್ಯಾ ಜ್ವರ ತಲೆಗೇರಿ ತೀರಿಹೋದ ಮೇಲೆ, ಕಳೆದ ದೀಪಾವಳಿಗೆ ಈ ಮನೆಯಲ್ಲಿ ಒಲೆಯ ಮೇಲೆ ಎಣ್ಣೆಯನ್ನೇ ಇಟ್ಟಿರಲಿಲ್ಲ. ಈಗ ವರ್ಷದ ತಿಥಿ ಮುಗಿದಿತ್ತು. ಹಬ್ಬ ಮಾಡಲೇಬೇಕು ಎಂದು ನೆಂಟರು ಹೇಳಿದರೆ, ಲೇಹ್ಯ ಮಾಡಲೇಬೇಕು ಎಂದು ಬೀದಿಯವರು ಪಟ್ಟು ಹಿಡಿದಿದ್ದರು. ಗೂಡಲೂರಿನ ಆ ಬೀದಿಗೆ ದೀಪಾವಳಿ ಎಂದರೆ ಪಟಾಕಿಗಿಂತ ಮೊದಲು ಲಿಂಗಾಜಮ್ಮನ ಮನೆಯ ಲೇಹ್ಯದ ಡಬ್ಬಿ. ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಅವಳ ಅಜ್ಜಿ, ಪಕ್ಕದ ತಮಿಳರ ಮನೆಯಲ್ಲಿ ನೋಡಿ ಕಲಿತದ್ದು ಅದು. ಹಬ್ಬದ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು ಬರಿಹೊಟ್ಟೆಗೆ ನೆಲ್ಲಿಕಾಯಿಯಷ್ಟು ನುಂಗಿದರೆ, ಆಮೇಲೆ ಕರಿದದ್ದನ್ನು ಎಷ್ಟು ತಿಂದರೂ ದಕ್ಕುತ್ತದೆ.

"ಅಕ್ಕಾ, ಹೋದ ವರ್ಷ ನಿಮ್ಮ ಲೇಹ್ಯ ಇಲ್ಲದೆ ನಮ್ಮನೆಯವ್ರು ಹೊಟ್ಟೆ ಹಿಡ್ಕೊಂಡೇ ಹಬ್ಬ ಮಾಡಿದ್ರು," ಎಂದಿದ್ದಳು ಪಕ್ಕದ ಮನೆಯ ವಸಂತಾಮಣಿ. "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಪಕ್ಕದ ಮನೆ ಲೇಹ್ಯ ಮಾತ್ರ ಮದ್ದೇ ನೋಡಿ!"

ಲಿಂಗಾಜಮ್ಮನ ಲೇಹ್ಯದಲ್ಲಿ ಒಂದು ವಿಶೇಷವಿತ್ತು. ಊರೆಲ್ಲ ಓಮ ಹಾಕಿದರೆ ಇವಳು ಹಾಕುತ್ತಿರಲಿಲ್ಲ. ಅದೇನೋ ಕೈಗುಟ್ಟು ಎಂದು ಬೀದಿಯವರು ತಿಳಿದಿದ್ದರು. ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ರಮ್ಯಾ ಚಿಕ್ಕವಳಿದ್ದಾಗ ಒಂದು ಹಬ್ಬದಲ್ಲಿ ಓಮದ ಕಾಳು ಬಾಯಿಗೆ ಸಿಕ್ಕಿ, ಹೊಸ ಪಾವಾಡೆ ಲಂಗದ ಮೇಲೆಲ್ಲ ವಾಂತಿ ಮಾಡಿಕೊಂಡು, "ಇದು ಹಾಕೋದಾದ್ರೆ ನಂಗೆ ಹಬ್ಬಾನೇ ಬೇಡ" ಎಂದು ರಂಪ ಮಾಡಿದ್ದಳು. ಅಂದಿನಿಂದ ಇಡೀ ಬೀದಿ ಅವಳೊಬ್ಬಳ ನಾಲಿಗೆಗೆ ತಕ್ಕ ಲೇಹ್ಯ ತಿನ್ನುತ್ತ ಬಂದಿತ್ತು. "ಓಮ ಇಲ್ಲದ್ದು ಲೇಹ್ಯವೇನೇ?" ಎಂದು ಲಿಂಗಾಜಮ್ಮನ ತಾಯಿ ಸಾಯುವವರೆಗೂ ಗೊಣಗಿದಳು. ರಮ್ಯಾ ಮದುವೆಯಾಗಿ ಕೂನೂರಿಗೆ ಹೋದ ಮೇಲೂ ಮೊದಲ ಪಾಲು ಒಂದು ಪುಟ್ಟ ಹಿತ್ತಾಳೆ ಭರಣಿ ತುಂಬಿ ಅವಳಿಗೇ ಹೋಗುತ್ತಿತ್ತು, ಖಾಲಿ ಭರಣಿ ಮರಳಿ ಬರುತ್ತಿತ್ತು.

ಇವತ್ತು ಲಿಂಗಾಜಮ್ಮ, ಗಂಡನ ಅಜೀರ್ಣಕ್ಕೆಂದು ಇಟ್ಟಿದ್ದ ಓಮದ ಡಬ್ಬಿಯನ್ನು ಇಳಿಸಿ ಮುಚ್ಚಳ ತೆಗೆದಳು. ಈಗ ಹಾಕಬಹುದಲ್ಲ ಎಂದಿತು ಮನಸ್ಸು. ಹಾಕಿದರೆ ಮಗಳು ಇಲ್ಲವೆಂದು ತಾನೇ ಬಾಯಿಬಿಟ್ಟು ಹೇಳಿದ ಹಾಗೆ. ಕೈ ಬರಲಿಲ್ಲ. ಡಬ್ಬಿಯನ್ನು ಹಾಗೇ ಒಲೆಯ ಪಕ್ಕದಲ್ಲಿ ಬಿಟ್ಟು ಬೆಲ್ಲ ಕರಗಿಸಲು ಇಟ್ಟಳು.

ಅಷ್ಟರಲ್ಲಿ ಅಳಿಯ ನಟರಾಜ ಬಂದ, ಜೊತೆಗೆ ಹೊಸ ಹೆಂಡತಿ. ಕೂನೂರಿನ ಟೀ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅವನು ನಂಜನಾಡಿನ ತೇನ್ಮೊಳಿಯನ್ನು ಮದುವೆಯಾಗಿ ಎರಡು ತಿಂಗಳಾಗಿತ್ತು. ಎರಡನೆಯವಳಾಗಿ ಬಂದವಳು ಮೊದಲನೆಯವಳ ತವರಿಗೆ ಬಂದು ಅರಿಶಿನ ಕುಂಕುಮ ತೆಗೆದುಕೊಳ್ಳಬೇಕು, ಅಲ್ಲಿಂದಾಚೆಗೆ ಅದು ಇವಳಿಗೂ ತವರು ಎಂಬುದು ಅವರ ಕಡೆಯ ರೂಢಿ. ಬರಲಿ, ಕುಂಕುಮ ಕೊಡೋಣ, ರಮ್ಯಾಳ ಭರಣಿಯನ್ನು ಮಾತ್ರ ಕೊಡಲಾರೆ ಎಂದು ಲಿಂಗಾಜಮ್ಮ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಹುಡುಗಿ ಕಾಲಿಗೆ ನಮಸ್ಕರಿಸಿ, ಸೆರಗು ಸಿಕ್ಕಿಸಿ, ನೇರ ಅಡುಗೆಮನೆಗೇ ಬಂದಳು. "ಕೊಡಿ ಅವ್ವೆ, ನಾನು ತಿರುವುತ್ತೇನೆ. ನೀವು ಅವರ ಹತ್ರ ಮಾತಾಡಿ."

"ತಳ ಹಿಡೀದ ಹಾಗೆ ನೋಡ್ಕೊಳ್ಳಮ್ಮ," ಎಂದು ಸೌಟು ಕೊಟ್ಟು ಲಿಂಗಾಜಮ್ಮ ಹಜಾರಕ್ಕೆ ಹೋದಳು. ನಟರಾಜ ಗೋಡೆಯ ಮೇಲಿನ ರಮ್ಯಾಳ ಫೋಟೋದ ಮುಂದೆ ನಿಂತಿದ್ದ. "ಘಾಟಿಯಲ್ಲಿ ಮಂಜು ಇತ್ತಾ?" ಎಂದು ಚೆನ್ನಯ್ಯನೇ ಏನೋ ಕೇಳಿದ. ಇತ್ತು ಎಂದ ಅವನು.

ಮರಳಿ ಬಂದ ಲಿಂಗಾಜಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಓಮದ ವಾಸನೆ ಗಮ್ಮೆಂದು ತುಂಬಿತ್ತು.

"ಓಮ ತೆಗೆದಿಟ್ಟು ಹಾಕೋದು ಮರೆತಿದ್ರಿ ಅವ್ವೆ. ಹುರಿದು ಕುಟ್ಟಿ ನಾನೇ ಹಾಕಿಬಿಟ್ಟೆ," ಎಂದಳು ತೇನ್ಮೊಳಿ, ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ. "ನಮ್ಮ ಹಟ್ಟಿಯಲ್ಲಿ ಓಮ ಇಲ್ಲದೆ ಲೇಹ್ಯ ಇಳಿಸೋದೇ ಇಲ್ಲ."

ಲಿಂಗಾಜಮ್ಮನಿಗೆ ಬಾಣಲೆ ಎತ್ತಿ ಹಿತ್ತಲಿಗೆ ಸುರಿದುಬಿಡಲೇ ಅನ್ನಿಸಿತು. ಲೇಹ್ಯ ಆಗಲೇ ತುಪ್ಪ ಬಿಟ್ಟು ಬಾಣಲೆಯ ಅಂಚಿನಿಂದ ಕಳಚಿಕೊಳ್ಳುತ್ತಿತ್ತು. ಹಾಕಿದ್ದನ್ನು ತೆಗೆಯುವ ದಾರಿ ಇರಲಿಲ್ಲ. ಅವಳು ಒಲೆ ಆರಿಸಿ, ಜೇನು ಸುರಿದು, ಬಾಳೆಲೆಯ ಚೂರುಗಳ ಮೇಲೆ ರುಚಿಗೆಂದು ಒಂದಿಷ್ಟು ಹಾಕಿದಳು. ಆ ಮನೆಯಲ್ಲಿ ಗಂಡಸರು ರುಚಿ ನೋಡದೆ ಡಬ್ಬಿ ತುಂಬುವ ಪದ್ಧತಿ ಇರಲಿಲ್ಲ.

ನಟರಾಜ ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. "ಅತ್ತೆ... ಓಮ?" ಎಂದ. ಚೆನ್ನಯ್ಯ ತಲೆ ತಗ್ಗಿಸಿ ನೆಲ ನೋಡಿದ. ತೇನ್ಮೊಳಿ ಒಬ್ಬೊಬ್ಬರ ಮುಖವನ್ನೇ ನೋಡಿದಳು, ಅವಳ ಮುಖದ ನಗು ಮಾಸಿತು.

"ಹಾಕಬಾರದಿತ್ತಾ ಅವ್ವೆ?"

"ಹಾಕು ಅಂತ ನಾನೇ ಹೇಳಿದ್ದು," ಎಂದಳು ಲಿಂಗಾಜಮ್ಮ, ಅಳಿಯನ ಕಡೆ ತಿರುಗಿ. "ಇನ್ನು ಯಾರಿಗೋಸ್ಕರ ಬಿಡಬೇಕಪ್ಪಾ?"

ನಟರಾಜ ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದ. ಬಹಳ ಹೊತ್ತು ನಲ್ಲಿಯ ನೀರು ಸುರಿಯುತ್ತಲೇ ಇತ್ತು.

ಭರಣಿಯನ್ನು ಲಿಂಗಾಜಮ್ಮ ಇಳಿಸಿದಳು, ಸೆರಗಿನಿಂದ ಒರೆಸಿದಳು. ಓಮದ ಲೇಹ್ಯವನ್ನು ಅದಕ್ಕೆ ತುಂಬಲು ಆಗಲಿಲ್ಲ. ಅದನ್ನು ಶೆಲ್ಫಿಗೇ ಏರಿಸಿ, ಒಂದು ಸ್ಟೀಲ್ ಡಬ್ಬಿಗೆ ಎಲ್ಲರಿಗಿಂತ ಮೊದಲ ಪಾಲು ತುಂಬಿ, ಕುಂಕುಮ, ರವಿಕೆ ಕಣದ ಜೊತೆ ತೇನ್ಮೊಳಿಯ ಮಡಿಲಿಗೆ ಹಾಕಿದಳು. "ವರ್ಷವರ್ಷ ಬಾ," ಎಂದಳು. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು.

ಹಬ್ಬದ ಬೆಳಿಗ್ಗೆ ಪಟಾಕಿಯ ಸದ್ದಿನ ನಡುವೆ ವಸಂತಾಮಣಿ ಗೋಡೆಯಾಚೆಯಿಂದಲೇ ಕೂಗಿದಳು: "ಅಕ್ಕಾ, ಯಾವ ವರ್ಷವೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ! ಏನು ಹಾಕಿದ್ರಿ?"

ಎಣ್ಣೆನೀರು ಹಾಕಿಕೊಂಡು ಬಂದಿದ್ದ ಲಿಂಗಾಜಮ್ಮ ತನ್ನ ಪಾಲಿನ ಉಂಡೆಯನ್ನು ಬಾಯಿಗೆ ಹಾಕಿಕೊಂಡಳು. ಅಮ್ಮ ಮಾಡುತ್ತಿದ್ದ ಲೇಹ್ಯದ ರುಚಿ ಎಷ್ಟೋ ವರ್ಷಗಳ ಮೇಲೆ ನಾಲಿಗೆಗೆ ಬಂತು. ನಿಜವಾಗಿ ರುಚಿಯಾಗಿತ್ತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ, ಕಣ್ಣು ತುಂಬಿ ಹರಿಯಿತು.

ಕುಟ್ಟುವಾಗ ತಪ್ಪಿಸಿಕೊಂಡ ಒಂದು ಓಮದ ಕಾಳು ಹಲ್ಲಿಗೆ ಸಿಕ್ಕಿತು. ಅದನ್ನು ಕಡಿಯಲೂ ಆಗದೆ, ಉಗುಳಲೂ ಆಗದೆ, ನಾಲಿಗೆಯ ಮೇಲೆ ಇಟ್ಟುಕೊಂಡೇ ಅವಳು ಹಿತ್ತಲ ಮೆಟ್ಟಿಲ ಮೇಲೆ ಒದ್ದೆ ಕೂದಲು ಹರವಿಕೊಂಡು ಕೂತಳು.